ಅರ್ಧ ಪಾಕೀಟು

"ಆಯಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಬೀಜಾ ಬಡಿಯೂಮುಂದ ಪಕ್ಕದ ಮನಿ ಲಾಡಬಿ ಅವರ ಕೋತಂಬರಿ ಬಾಜೂಕ ಇತ್ತೇನ್ರಿ?"

ಇದು ಐದನೆಯ ಸಲ. ಸಿದ್ದಲಿಂಗವ್ವ ಮೊರದಲ್ಲಿನ ಜೋಳದ ಹರಳು ಆರಿಸುವುದನ್ನು ಬಿಟ್ಟು ತಲೆ ಎತ್ತಿದಳು. ಬಾಗಲಕೋಟೆಯಿಂದ ಬೆಳಗಿನ ಬಸ್ಸಿಗೆ ಕಮತಗಿಗೆ ಬಂದಿದ್ದ ಅಫ್ಸಾನಾ ಎದುರಿಗೆ ಕಟ್ಟೆಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ವಹಿ, ಬಾಯಲ್ಲಿ ಪೆನ್ನಿನ ಮುಚ್ಚಳ.

"ಇರಲಿಲ್ಲಂತ ನಾಕ ಸಲ ಹೇಳೇನಿ. ನಂದು ಅಂಗಳದಾಗ ಬಡದೇನಿ, ಆಕಿ ತನ್ನ ಮಾಳಿಗಿ ಮ್ಯಾಲೆ ಬಡದಾಳ. ಹಾರಿ ಬರಾಕ ಕಾಳೇನ ಗುಬ್ಬಿ ಏನ?"

"ಗಡಿಗಿ?"

"ಗಡಿಗಿ ಬ್ಯಾರೆ, ಮರ ಬ್ಯಾರೆ, ಇಟ್ಟ ಜಾಗಾ ಬ್ಯಾರೆ. ಇನ್ನ ನನ್ನ ಕೈ ಒಂದ ಉಳದೈತಿ. ಅದನ್ನೂ ಬರಕೋ."

ಅಫ್ಸಾನಾ ಬರೆದುಕೊಳ್ಳಲಿಲ್ಲ. ಕಾಲೇಜಿನಲ್ಲಿ ದೊಡ್ಡ ಓದು ಓದುತ್ತಿದ್ದ ಈ ಹುಡುಗಿ ಹುನಗುಂದ, ಬಾದಾಮಿ ಸೀಮೆಯ ಊರೂರು ತಿರುಗಿ ಹಳೆಯ ಕೋತಂಬರಿ ಬೀಜ ಕೂಡಿಸಿದ್ದಳು. ಬೀಜ ಮೊಳೆಸಿ, ಎಲೆ ಅರೆದು, ಅದರ ಡಿಎನ್‌ಎ ಓದಿಸುವುದು ಅವಳ ಕೆಲಸ. ನಾಲ್ಕೇ ಅಕ್ಷರದಲ್ಲಿ ಬರೆದ ಉದ್ದನೆಯ ಸಾಲು ಅದು, ಯಾವ ಗಿಡಕ್ಕೆ ಯಾವ ಗಿಡ ಹತ್ತಿರದ ನಂಟು ಎಂದು ಅದರಿಂದ ಗೊತ್ತಾಗುತ್ತದೆ ಎಂದು ಮೊದಲ ಸಲ ಬಂದಾಗಲೇ ತಿಳಿಸಿ ಹೇಳಿದ್ದಳು. ಎರಡು ವರ್ಷ ಶಾಲೆಗೆ ಹೋಗಿ ಬಿಟ್ಟ ಸಿದ್ದಲಿಂಗವ್ವನಿಗೆ ಅದೇನು ವಿಚಿತ್ರವೆನಿಸಿರಲಿಲ್ಲ. ತನ್ನ ಕೋತಂಬರಿಯನ್ನು ಕಣ್ಣು ಮುಚ್ಚಿ ಮೂಸಿದರೂ ಅವಳು ಗುರುತು ಹಿಡಿಯುತ್ತಿದ್ದಳು. ಮಶೀನಿಗೆ ಅಷ್ಟಾದರೂ ತಿಳಿಯಬೇಕಲ್ಲ.

ಸಣ್ಣ ಕಾಳಿನ ಆ ಬೀಜ ಬಾದಾಮಿ ಕಡೆಯ ತವರಿನದು. ಐವತ್ತೆರಡು ವರ್ಷದ ಹಿಂದೆ ಗಂಡನ ಮನೆಗೆ ಕಳಿಸುವಾಗ ಅವ್ವ ಅಕ್ಕಿ, ಕೊಬ್ಬರಿಯ ಜೊತೆಗೆ ಉಡಿಯಲ್ಲಿ ಗಂಟು ಕಟ್ಟಿ ಹಾಕಿದ್ದಳು. ಅಂದಿನಿಂದ ಒಂದು ವರ್ಷವೂ ತಪ್ಪದೆ ಎರಡು ಮಡಿ ಬಿತ್ತುತ್ತ ಬಂದಿದ್ದಾಳೆ. ಬೇರೆ ತಳಿ ಎಂದು ಖಾತ್ರಿಯಾದರೆ ಕಾಲೇಜಿನವರು ಮಾಡುತ್ತಿರುವ ಹಳೆಯ ತಳಿಗಳ ಯಾದಿಯಲ್ಲಿ 'ಗೌರವ್ವನ ಕೋತಂಬರಿ' ಎಂದು ಬರೆಸುತ್ತೇನೆಂದು ಅಫ್ಸಾನಾ ಮಾತು ಕೊಟ್ಟಿದ್ದಳು. ಗೌರವ್ವ ಆ ಅವ್ವನ ಹೆಸರು. ಹೊಲದ ಉತಾರದ ಕಾಗದದಲ್ಲಿಲ್ಲ, ಮನೆಯ ಗೋಡೆಯ ಮೇಲಿಲ್ಲ, ಎಲ್ಲಿಯೂ ಬರೆದಿರದ ಹೆಸರು.

"ಮುಂದಿನ ತಿಂಗಳ ಯಾದಿ ಮುಗಸ್ತಾರ್ರಿ ಆಯಿ," ಅಫ್ಸಾನಾ ಹಣೆ ತಿಕ್ಕಿಕೊಂಡಳು. "ನೀವು ಕೊಟ್ಟ ಪಾಕೀಟಿನ್ಯಾಗಿನ ಇಪ್ಪತ್ತ ಸಸಿ ಓದಸೇನಿ. ಹನ್ನೊಂದು ಬ್ಯಾರೇನ ಅದಾವ, ಖರೆ. ಒಂಬತ್ತು ಲಾಡಬಿ ಅವರು ಇಳಕಲ್ಲ ಸಂತ್ಯಾಗ ತಂದು ನನಗ ಕೊಟ್ಟ ಬೀಜದ್ದು. ಹಿಂಗ ಇದ್ರ ನಮ್ಮ ಕಾಲೇಜ ಸರ್ ಒಪ್ಪಂಗಿಲ್ಲ. ಕಲಬೆರಕಿ ಅಂತ ಬರೀರಿ ಅಂತಾರ."

"ಯಾರದ ಕಲಬೆರಕಿ? ನಮ್ಮವ್ವಂದ?" ಸಿದ್ದಲಿಂಗವ್ವನ ಕೈಯಲ್ಲಿನ ಮೊರ ನೆಲಕ್ಕೆ ಬಡಿಯಿತು. "ನಿನ್ನ ಮಶೀನ ಕೆಟ್ಟೈತಿ. ಹೋಗಿ ರಿಪೇರಿ ಮಾಡಸು, ಹೋಗು."

"ಸಿದ್ದಕ್ಕಾ, ಏನ ನಿನ್ನ ಒದರಾಟ! ಓಣಿ ತುಂಬ ಕೇಳಸಾಕತ್ತೈತಿ," ಎನ್ನುತ್ತ ಪಕ್ಕದ ಮನೆಯ ಲಾಡಬಿ ಬಂದಳು. ನಿನ್ನೆ ಸಾರು ಒಯ್ದಿದ್ದ ಬಟ್ಟಲನ್ನು ತಿರುಗಿ ತಂದಿದ್ದಳು. ಅದರಲ್ಲಿ ಆರು ಎಳೆಯ ಬದನೆಕಾಯಿ. ಅಫ್ಸಾನಾ ಎಲ್ಲವನ್ನೂ ಮೊದಲಿಂದ ಹೇಳಿದಳು. ಕೇಳುತ್ತ ಕೇಳುತ್ತ ಲಾಡಬಿ ಬಾಯಿಗೆ ಸೆರಗು ಹಿಡಿದಳು.

"ಅಯ್ಯ ನಮ್ಮವ್ವ! ನನ್ನ ಬೀಜಾ ನೀನ ಒಯ್ದಿದ್ದೆಲ್ಲ? ಇದ ಬಟ್ಟಲಾ ಹಿಡಕೊಂಡ ಬಂದು, ಲಾಡಬಿ, ಎರಡ ಹಿಡಿ ಕೊಡು, ಪಾಕೀಟ ತುಂಬವಲ್ದು ಅಂದಿ!"

ಅಫ್ಸಾನಾ ತೊಡೆಯ ಮೇಲಿನ ವಹಿ ಮುಚ್ಚಿದಳು.

"ಯಾಕ್ರಿ ಆಯಿ?" ಅಫ್ಸಾನಾಳ ದನಿ ಅಳುವಿನ ಹತ್ತಿರ ಬಂದಿತ್ತು.

"ಅರ್ಧಾ ಆಗಿತ್ತವ್ವ," ಸಿದ್ದಲಿಂಗವ್ವ ನೆಲ ನೋಡಿದಳು. "ಬಾಗಲಿಗಿ ಬಂದ ಹೆಣ್ಣಮಗಳ ಕೈಯಾಗ ಅರ್ಧಾ ಪಾಕೀಟ ಇಡೂದ? ಈಕಿ ನೋಡು, ಬಟ್ಟಲಾ ಖಾಲಿ ತಂದಾಳೇನ?"

"ನನಗ ಇಪ್ಪತ್ತ ಕಾಳ ಸಾಕಿತ್ರಿ! ಇಪ್ಪತ್ತು!"

"ಇಪ್ಪತ್ತ ಕಾಳಿಗಿ ಅಷ್ಟ ದೊಡ್ಡ ಪಾಕೀಟ ಯಾಕ ತಂದಿ ಮತ್ತ?"

"ಆಫೀಸಿನ್ಯಾಗ ಅವ ಇದ್ದೂರಿ!"

ಲಾಡಬಿ ಒಬ್ಬಳೇ ನಕ್ಕಳು.

ಸಿದ್ದಲಿಂಗವ್ವ ಒಳಗೆ ಹೋಗಿ ಗಡಿಗೆ ತಂದಳು. ಅಫ್ಸಾನಾ ಚೀಲದಿಂದ ಅಂಥದೇ ಇನ್ನೊಂದು ಪಾಕೀಟು ತೆಗೆದು ಹಿಡಿದಳು. ಇಪ್ಪತ್ತು ಕಾಳು ಒಂದೊಂದಾಗಿ ಬಿದ್ದವು. ಪಾಕೀಟಿನ ಹೊಟ್ಟೆ ಉಬ್ಬಲೇ ಇಲ್ಲ. ಮುದುಕಿಯ ಕೈ ಮತ್ತೆ ಗಡಿಗೆಗೆ ಇಳಿಯಿತು. ಹಿಡಿ ತುಂಬಿಕೊಂಡು ಮೇಲೆ ಬಂತು.

"ಅದ ಗಡಿಗ್ಯಾಗಿಂದ ಆದ್ರ ಎಷ್ಟರ ಹಾಕ್ರಿ," ಅಂದಳು ಅಫ್ಸಾನಾ, ಸೋತವಳಂತೆ.

ಸಿದ್ದಲಿಂಗವ್ವ ಗಡಿಗೆಯೊಳಗೆ ಇಣುಕಿದಳು. ಇರುವುದೇ ಈ ಸಲ ಬಿತ್ತುವಷ್ಟು. ಹಿಡಿ ಸಡಿಲಾಯಿತು, ಕಾಳು ಸರಸರನೆ ಒಳಗೇ ಇಳಿದವು. ಅಫ್ಸಾನಾ ಪಾಕೀಟಿನ ಬಾಯಿಗೆ ಅಂಟು ಹಚ್ಚಿ, ಹೆಸರು ಬರೆಯಲು ಪೆನ್ನು ತೆಗೆದಳು.

"ತಾ ಇಲ್ಲೆ."

ಪೆನ್ನು ಇಸಕೊಂಡು ಮುದುಕಿ ಪಾಕೀಟನ್ನು ಮೊರದ ಬೆನ್ನಿನ ಮೇಲೆ ಹಾಸಿದಳು. ಅಕ್ಷರಕ್ಕೊಮ್ಮೆ ಉಸಿರು ಹಿಡಿದು, ಅವ್ವನ ಹೆಸರನ್ನು ಈ ಅಂಚಿನಿಂದ ಆ ಅಂಚಿನವರೆಗೆ ದೊಡ್ಡದಾಗಿ ಬರೆಯತೊಡಗಿದಳು. ಪೆನ್ನಿನ ಮೊನೆ ಊರಿದಲ್ಲೆಲ್ಲ ಇಪ್ಪತ್ತು ಕಾಳು ಕಾಗದದ ಕೆಳಗೆ ಅತ್ತಿತ್ತ ಸರಿದವು.