ಒಂದರ ಕೆಳಗೊಂದು

“ಅಡ್ಡಡ್ಡ ಗುಂಪು ಕಟ್ಬೇಡ್ರಪ್ಪ, ಒಬ್ಬರ ಹಿಂದೊಬ್ಬರು ಬನ್ನಿ. ಎಲ್ರಿಗೂ ಮುಖ ಕಾಣ್ಬೇಕು” ಎನ್ನುತ್ತ ಹುಚ್ಚಮ್ಮ ಗಂಡನ ತಲೆಯ ಬಳಿಯ ದೀಪಕ್ಕೆ ಎಣ್ಣೆ ಎರೆದರು. ಬಾಯಿಗೆ ಹಾಕಲು ಅಕ್ಕಿ ಹಿಡಿದವರು ಸಾಲಾದರು.

ಶಿವನ ಪಾದ ಸೇರಿದ ಕೆಂಪಣ್ಣ ಬೆಳೆಗಾರರ ಸಂಘದ ಗೋದಾಮಿನಲ್ಲಿ ತೂಕ ನೋಡುತ್ತಿದ್ದವರು. ರಂಜಿತಾ ಅಲ್ಲಿಯೇ ಕಂಪ್ಯೂಟರಿನ ಕೆಲಸದವಳು. ಬೆಳೆಗಾರರು ಮಾದರಿ ಕಾಫಿ ತಂದುಕೊಟ್ಟರೆ, ಅದರ ತೂಕ, ಸರಾಸರಿ ತೇವ ಎಲ್ಲ ಅವಳು ಮಾಡಿದ ಡ್ಯಾಶ್‌ಬೋರ್ಡಿನಲ್ಲಿ ಅವರ ಫೋನಿಗೆ ಬರುತ್ತಿತ್ತು.

ಸಾಲಿನಲ್ಲಿ ರಂಜಿತಾಳ ಹಿಂದೆ ನಿಂತಿದ್ದ ಬೆಳೆಗಾರ ಜವರ ಮೆಲ್ಲಗೆ ಅಂದ: “ನಿನ್ನೆ ನನ್ನ ಮೂಟೆ ವಾಪಸ್ ಬಂತು ಕಣವ್ವ. ಒಣಗಿಲ್ಲವಂತೆ.”

“ತೇವ ಎಷ್ಟಿದೆ ಅಂತ ಫೋನಲ್ಲಿ ಹಾಕಿದ್ನಲ್ಲ ಜವರಣ್ಣ?”

“ಎಲ್ಲಿ? ತೂಕ ಒಂದೇ ಕಾಣೋದು. ಮೊನ್ನೆ ಸಂಜೆ ಕೆಂಪಣ್ಣಂಗೆ ಹುಷಾರಿರ್ಲಿಲ್ಲ, ಇಲ್ದಿದ್ರೆ ಫೋನ್ ಮಾಡಿ ಬೈದಾದ್ರೂ ಹೇಳೋರು.”

*

ಡ್ಯಾಶ್‌ಬೋರ್ಡ್ ಬಂದ ಹೊಸದರಲ್ಲಿ, ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೆಂಪಣ್ಣ ಕೂಗಿದ್ದರು: “ಇದು ಅಡ್ಡಕ್ಕೆ ಓಡ್ತದಲ್ಲವ್ವ, ತೂಕ ಬಿಟ್ರೆ ಉಳಿದದ್ದೆಲ್ಲ ಪರದೆ ಆಚೆ! ನಮ್ಮೋರ ಹೆಬ್ಬೆರಳು ಮೇಲೆ ಕೆಳಗೆ ಬಿಟ್ರೆ ಬೇರೆ ದಾರಿ ಹಿಡಿಯಲ್ಲ. ಲೆಕ್ಕ ಹಾಕಿ ಬಂದದ್ದನ್ನೆಲ್ಲ ಒಂದರ ಕೆಳಗೊಂದು ಸಾಲಾಗಿ ಇಡು.”

“ಲೆಕ್ಕದ ಅಳತೆಗಳು ಕಾಲಂನಲ್ಲೇ, ಪಕ್ಕಪಕ್ಕದಲ್ಲೇ ಕೂರೋದು ಕೆಂಪಣ್ಣ.”

“ನೀನು ಗದರಿದ್ರೆ ಸಾಲಲ್ಲೂ ಕೂರ್ತವೆ. ಅಲ್ಲೀವರೆಗೆ ನನ್ನ ಗಂಟಲಿದೆ ಬಿಡು.”

ಅಂದಿನಿಂದ ಪ್ರತಿ ಸಂಜೆ ಒಬ್ಬೊಬ್ಬರಿಗೂ ಅವರೇ ಫೋನ್ ಮಾಡುತ್ತಿದ್ದರು.

*

ರಂಜಿತಾ ಮುಚ್ಚಿದ ತುಟಿಗಳ ಮೇಲೆ ಅಕ್ಕಿ ಹಾಕಿದಳು. ಇನ್ನು ಆ ಗಂಟಲಿಲ್ಲ. ಇಂದು ಸಂಜೆ ಯಾರು ಹೇಳುತ್ತಾರೆ? ಅವಳು ಸ್ಕೂಟರಿನಲ್ಲಿದ್ದ ಲ್ಯಾಪ್‌ಟಾಪ್ ತಂದು ಮನೆಯೆದುರಿನ ಕಾಫಿ ಕಣದ ಕಟ್ಟೆಯ ಮೇಲೆ ಕುಳಿತಳು.

“ಸಾವಿನ ಮನೇಲೂ ಕಂಪ್ಯೂಟ್ರಾ?” ಯಾರೋ ಮೂತಿ ತಿರುವಿದರು.

“ಮಾಡ್ಲಿ ಬಿಡಿ, ಯಜಮಾನ್ರ ಕೆಲ್ಸಾನೇ ಅದು” ಎಂದರು ಹುಚ್ಚಮ್ಮ.

ರಂಜಿತಾ ಡ್ಯಾಶ್‌ಬೋರ್ಡಿನ ಸಾದಾ ಟೇಬಲ್ ತೆಗೆದು ಮ್ಯಾಟ್ರಿಕ್ಸ್ ಎಂಬ ಇನ್ನೊಂದು ಬಗೆಯ ಪಟ್ಟಿ ಹಾಕಿದಳು. ಅಳತೆಗಳನ್ನು ಸಾಲಿಗೆ ತಿರುಗಿಸುವ ಗುಂಡಿ ಅದರ ಸೆಟ್ಟಿಂಗಿನೊಳಗೇ ಇತ್ತು. ಆಗುವುದಿಲ್ಲ ಎಂದುಬಿಟ್ಟವಳು ಅಲ್ಲಿ ಹುಡುಕಿಯೇ ಇರಲಿಲ್ಲ. ಒತ್ತಿದಳು. ಕಾಲಂಗಳು ಸಾಲುಗಳಾಗಿ ಇಳಿದವು.

ಚಟ್ಟ ಎತ್ತುವ ಹೊತ್ತಾಗಿತ್ತು. “ಜವರಣ್ಣ, ಈಗ ನೋಡಿ.”

ಜವರನ ಹೆಬ್ಬೆರಳು ಮೇಲಿನಿಂದ ಕೆಳಗೆ ಜಾರಿತು. ತೂಕ. ಅದರ ಕೆಳಗೆ ತೇವ. ಬೆರಳು ಅಲ್ಲಿಯೇ ನಿಂತಿತು.

“ಲೇ ಮುದ್ದಿ!” ಎಂದು ಹೆಂಡತಿಯನ್ನು ಕೂಗಿದ. “ನಾಳೆ ಗಾಡಿ ಬೇಡ ಅನ್ನು. ಕಾಫಿಗೆ ಇನ್ನೂ ಬಿಸಿಲು ಬೇಕು.”

ಫೋನನ್ನು ಜೇಬಿಗಿಳಿಸಿ, ಕೆಂಪಣ್ಣನ ಚಟ್ಟದ ಕೆಳಗೆ ಹೆಗಲು ಕೊಟ್ಟ.