ಕಿಟಕಿ ಕಡೆಯ ಕೆನ್ನೆ

"ಇಷ್ಟು ವಯಸ್ಸಾದವರ ಕೈಗೆಲ್ಲ ಬಸ್ಸು ಕೊಡ್ತಾರಲ್ಲಪ್ಪ, ನಮ್ಮ ಜೀವಕ್ಕೆ ಬೆಲೆನೇ ಇಲ್ವಾ?"

ಮುಂಬಾಗಿಲಲ್ಲಿ ಹತ್ತಿದ ಪ್ರಯಾಣಿಕನೊಬ್ಬ ಗೊಣಗಿದ್ದು ಡ್ರೈವರನ ಕಿವಿಗೆ ಬಿತ್ತು. "ಒಳಗೆ ನಡೀರಿ ಸಾರ್, ಜಾಗ ಇದೆ" ಎಂದು ಕಂಡಕ್ಟರ್ ಹುಡುಗಿ ಮಾತು ಮರೆಸಲು ನೋಡಿದಳು. ಆದರೆ ಅದು ಆಗಲೇ ನಾಟಿತ್ತು.

ಡಿಪೋಗೆ ಮರಳಿದವನೇ ಆತ ಕನ್ನಡಿಯ ಮುಂದೆ ನಿಂತ. ಮೂವತ್ತು ವರ್ಷ ಕಿಟಕಿಯ ಬಿಸಿಲುಂಡ ಬಲಗೆನ್ನೆ ಸುಕ್ಕುಗಟ್ಟಿ, ಕಲೆಗಳೆದ್ದು ಜೋತುಬಿದ್ದಿತ್ತು. ಎಡಗೆನ್ನೆ ಅಷ್ಟೇನೂ ಬಾಡಿರಲಿಲ್ಲ. ಒಂದೇ ಮುಖದಲ್ಲಿ ಅಣ್ಣತಮ್ಮಂದಿರಿಬ್ಬರು ಕೂತಂತಿತ್ತು.

"ಇದಕ್ಯಾಕೆ ಚಿಂತೆ?" ಎಂದು ಮೆಕ್ಯಾನಿಕ್ ಗೆಳೆಯ ಹೆಸರಿಲ್ಲದ ಕ್ರೀಮಿನ ಟ್ಯೂಬೊಂದನ್ನು ಕೈಗಿತ್ತ. "ಹದಿನೈದೇ ದಿನ. ಮದುಮಗ ಆಗ್ತೀಯ ನೋಡು!"

ಆಗಿಯೂ ಆದ. ಕಲೆ ತಿಳಿಯಾಯಿತು, ಕೆನ್ನೆ ಹೊಳೆಯಿತು. "ಏನ್ ಗುಟ್ಟು?" ಎಂದು ಹೆಂಡತಿ ಕಾಲೆಳೆದಳು. ಆತ ಮೀಸೆಯಡಿ ನಗುತ್ತಲೇ ಮೂರು ತಿಂಗಳು ಹಚ್ಚಿಕೊಂಡ. ಆಮೇಲೆ ಉರಿ ಶುರುವಾಯಿತು. ಕೆಂಪಡರಿದ ಕೆನ್ನೆಗೆ ಟವೆಲ್ ಸುತ್ತಿಕೊಂಡೇ ಕೆಲಸಕ್ಕೆ ಹೋದ.

ಒಂದು ಮಧ್ಯಾಹ್ನ ತುಂಬಿದ ಬಸ್ಸಿನಲ್ಲಿ, ಬಿಸಿಲು ತಾಗಿದ್ದೇ ಕೆನ್ನೆಗೆ ಕೆಂಡ ಸುರಿದಂತಾಯಿತು. ಕಣ್ಣಲ್ಲಿ ನೀರು ತುಂಬಿ ರಸ್ತೆ ಮಸುಕಾಯಿತು. ಆತ ಬಸ್ಸನ್ನು ಪಕ್ಕಕ್ಕೆಳೆದು ನಿಲ್ಲಿಸಿದ. "ನನ್ನ ಕೈಲಾಗಲ್ಲಮ್ಮ. ಇವರನ್ನೆಲ್ಲ ಬೇರೆ ಬಸ್ಸಿಗೆ ಹತ್ತಿಸು."

ಹುಡುಗಿ ಪ್ರಯಾಣಿಕರನ್ನು ಹಿಂದೆ ಬಂದ ಬಸ್ಸಿಗೆ ಹತ್ತಿಸಿ, ಡಿಪೋಗೆ ಫೋನ್ ಮಾಡಿ, ಬದಲಿ ಡ್ರೈವರ್ ಬಂದದ್ದೇ ಆತನನ್ನು ಚರ್ಮದ ಡಾಕ್ಟರ ಬಳಿ ಕರೆದೊಯ್ದಳು.

ನರೆಗೂದಲ ಡಾಕ್ಟರಮ್ಮ ಆತ ಜೇಬಿನಿಂದ ತೆಗೆದ ಟ್ಯೂಬನ್ನು ತಿರುಗಿಸಿ ನೋಡಿದರು. "ಹೆಸರಿಲ್ಲ, ಊರಿಲ್ಲ. ಇಂಥದ್ರಲ್ಲಿ ಸ್ಟಿರಾಯ್ಡ್ ಬೆರೆಸಿರ್ತಾರೆ. ಚರ್ಮ ತೆಳುವಾಗಿಬಿಟ್ಟಿದೆ. ಒಂದೇ ಸಲ ಬಿಡಬೇಡಿ, ನಾನು ಹೇಳಿದ ಹಾಗೆ ಇಳಿಸ್ತಾ ಬನ್ನಿ."

"ಈ ವಯಸ್ಸಲ್ಲಿ ಚೆನ್ನಾಗಿ ಕಾಣ್ಬೇಕು ಅಂದ್ಕೊಂಡಿದ್ದೇ ನನ್ನ ತಪ್ಪು ಬಿಡಿ."

"ಯಾರು ಹೇಳಿದ್ದು? ನಾನೂ ದಿನಾ ಮುಖಕ್ಕೆ ಹಚ್ಕೋತೀನಪ್ಪ," ಎಂದು ಅವರು ನಕ್ಕರು. "ವಾಸಿಯಾದ ಮೇಲೆ ಬಿಸಿಲು ತಡೆಯೋ ಕ್ರೀಮು, ಚರ್ಮ ಒಣಗದ ಹಾಗೆ ಇನ್ನೊಂದು. ಕಿಟಕಿಗೊಂದು ಪರದೆ. ಸುಕ್ಕು ಪೂರ್ತಿ ಹೋಗಲ್ಲ. ಇರೋ ಚರ್ಮನಾದ್ರೂ ಚೆನ್ನಾಗಿ ನೋಡ್ಕೊಳ್ಳಿ."

ಹೊರಬಂದು ಆತ ಟವೆಲನ್ನು ಮತ್ತೆ ಕೆನ್ನೆಗೆ ಸುತ್ತಿಕೊಂಡ. "ನೀನಿಲ್ದಿದ್ರೆ ಇವತ್ತು ಏನಾಗ್ತಿತ್ತೋ, ತಾಯಿ."

"ಬಸ್ ನಿಲ್ಲಿಸಿದ್ದು ನೀವಣ್ಣ," ಎಂದಳು ಹುಡುಗಿ. "ನಾನೂ ಅದರೊಳಗೇ ಇದ್ದೆ."

ಎರಡು ತಿಂಗಳ ಮೇಲೆ ಕೆಲಸಕ್ಕೆ ಮರಳಿದ ದಿನ, ಆತ ನೇರ ಮೆಕ್ಯಾನಿಕ್‌ನ ಹತ್ತಿರ ಹೋಗಿ ಟವೆಲ್ ತೆಗೆದ. ಇನ್ನೂ ಆರದ ಕೆಂಪು ಕಂಡು ಗೆಳೆಯನ ಮುಖ ಸಪ್ಪಗಾಯಿತು.

"ನಿನ್ನ ಒಳ್ಳೇದಕ್ಕೇ ಕೊಟ್ಟೆ ಕಣೋ."

"ಗೊತ್ತಪ್ಪ. ಜಗಳಕ್ಕೆ ಬಂದಿಲ್ಲ. ನೀನು ಯಾರ್ಯಾರಿಗೆ ಕೊಟ್ಟಿದ್ದೀಯ, ಅದನ್ನ ಹೇಳು."

ಮೆಕ್ಯಾನಿಕ್ ಕೈಗಂಟಿದ ಗ್ರೀಸನ್ನು ಒರೆಸಿಕೊಂಡ. ಮೆಲ್ಲಗೆ ಹೇಳಿದ: "ನಮ್ಮ ಮನೆಯವಳೂ ಹಚ್ತಾಳೆ. ಈಗೀಗ ಬಾಗಿಲಾಚೆಗೇ ಬರ್ತಿಲ್ಲ."

ಮರುದಿನ ಸಂಜೆ ಗೆಳೆಯರಿಬ್ಬರೂ ಅವಳೊಂದಿಗೆ ಡಾಕ್ಟರಮ್ಮನ ಬಾಗಿಲಲ್ಲಿ ಕೂತಿದ್ದರು. ಮೆಕ್ಯಾನಿಕ್‌ನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಡ್ರೈವರ್ ತನ್ನ ಬಲಗೆನ್ನೆಯನ್ನು ಬೇಕೆಂದೇ ಅವಳತ್ತ ತಿರುಗಿಸಿ ಕೂತ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ನಿಧಾನವಾಗಿ ಸೆರಗು ಸರಿಸಿ, "ಅಣ್ಣಾ, ನನಗೊಬ್ಬಳಿಗೇ ಹೀಗಾಗಿದೆ ಅಂದ್ಕೊಂಡಿದ್ದೆ," ಎಂದಳು.