ಬರೋದೈತಿ

ಪ್ರಜ್ಞಾಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರಲ್ಲೂ ವ್ಯಾಕರಣದ ಸಿಟ್ಟು ಬಂದರೆ ಕೇಳುವುದೇ ಬೇಡ. ಗೋವಾದಲ್ಲಿ ಪೋರ್ತುಗೀಸ್ ಎಂ.ಎ. ಮಾಡಿ, ಬೈಲಹೊಂಗಲದ ಮನೆಯಲ್ಲೇ ಕೂತು ಆನ್‌ಲೈನ್ ಪಾಠ ಹೇಳುವ ಹುಡುಗಿ; ಇವಳಿಗೆ ಗಂಡಿನ ಕ್ರಿಯಾಪದವೂ ಸರಿಯಿರಬೇಕು!

ಗಂಡು ರಾಮದುರ್ಗದ ಅರ್ಜುನ, ಟ್ರ್ಯಾಕ್ಟರ್ ರಿಪೇರಿಯವನು. ಹೋದ ವಾರ ಹಿರಿಯರ ಜೊತೆ ಬಂದು ಕನ್ಯೆ ನೋಡಿ ಹೋಗಿದ್ದ. ಹೂಂ ಅನ್ನುವುದು ಪ್ರಜ್ಞಾಗೇ ಬಿಟ್ಟದ್ದು. ಅವಳಿಗೂ ಅವನು ಹಿಡಿಸಿದ್ದ. ಎಷ್ಟು ತೊಳೆದರೂ ಗ್ರೀಸ್ ಬಿಡದ ಆ ಉಗುರುಗಳೂ ಹಿಡಿಸಿದ್ದವು. ಬೆಳಿಗ್ಗೆ ಅವನದೇ ಫೋನು ಬಂತು.

“ಸಂಜಿಕ ನಿಮ್ಮ ಕಡೆ ಬರೋದೈತ್ರಿ.”

ಬರೋದೈತಿ! ಬರತೇನಿ ಅಲ್ಲ. ಎಮ್ಮೆಗೆ ನೀರು ಕುಡಿಸೋದೈತಿ, ರೇಷನ್ ತರೋದೈತಿ, ಹೆಣ್ಣಿನ ಮನೆಗೆ ಬರೋದೈತಿ. ಹಿರಿಯರು ಅಟ್ಟಿರಬೇಕು.

“ಅವ್ವಾ, ಈ ಸಂಬಂಧ ಬ್ಯಾಡ.”

“ಯಾಕ, ಏನಂದ?” ರಾಯವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಬರೋದೈತಿ ಅಂದ.”

“ಮತ್ತ, ಬರಲಿ ಬಿಡವಾ!”

ಮಧ್ಯಾಹ್ನದ ಪಾಠ ಭವಿಷ್ಯತ್ಕಾಲ. ಸವದತ್ತಿಯ ವಿದ್ಯಾರ್ಥಿನಿ ಶೀತಲ್ ಪರದೆಯಿಂದ ಕೇಳಿದಳು: “ಮಿಸ್, ‘ಅಮಾರ್’ ಅಂದ್ರ ಪ್ರೀತಿಸೋದು. ‘ಅಮಾರೆಯ್’ ಅಂದ್ರ ಪ್ರೀತಿಸ್ತೇನಿ. ಆ ‘ಎಯ್’ ಬಾಲ ಎಲ್ಲಿಂದ ಬಂತ್ರಿ?”

“ಲ್ಯಾಟಿನ್ನಿನ ಆಡುಮಾತಿನಾಗ ಅದು ಬ್ಯಾರೆ ಶಬ್ದ. ‘ಅಮಾರೆ ಹಾಬೆಯೊ’ ಅಂತಿದ್ರು. ಮೊದಲು ಅದು ಕರ್ತವ್ಯದ ಮಾತು. ಅಂದ್ರ... ನನಗ ಪ್ರೀತಿಸೋದೈತಿ.”

ಬೆಳಗಿನ ಅದೇ ‘ಐತಿ’ ಈಗ ಪ್ರಜ್ಞಾಳ ಬಾಯಲ್ಲೇ ಬಂದಿತ್ತು.

“ಆಮ್ಯಾಲ್ರಿ?”

“ಆಮ್ಯಾಲ... ಜನ ಆಡಿ ಆಡಿ ಎರಡೂ ಶಬ್ದ ಕೂಡಿಬಿಟ್ಟವು. ಕರ್ತವ್ಯ ಸವೀತು, ಪ್ರೀತಿಸ್ತೇನಿ ಅನ್ನೋದು ಉಳೀತು. ಈಗಲೂ ಬರಿಯೋ ಭಾಷಾದಾಗ ಆ ಬೆಸುಗಿ ಬಿಚ್ಚಿ, ನಡುವ ‘ನಿನ್ನ’ ಅನ್ನೋದನ್ನ ಕುಂದರಸ್ತಾರ. ಅಮಾರ್-ತೆ-ಎಯ್.”

ಪಾಠ ಮುಗಿಯಿತು. ಪ್ರೀತಿಸೋದೈತಿ ಅಂದ ಅಷ್ಟು ದೂರದ ಲಿಸ್ಬನ್ನಿನವರಿಗೆಲ್ಲ ಮಾಫಿ, ರಾಮದುರ್ಗದ ಒಬ್ಬನಿಗೆ ಮಾತ್ರ ಇಲ್ಲವೇ? ನಾಚಿಕೆಯಾಯಿತು. ಆದರೂ ಹಟ ಪೂರ್ತಿ ಇಳಿದಿರಲಿಲ್ಲ.

ಸಂಜೆ ಬಾಗಿಲಲ್ಲಿ ಬೈಕು ನಿಂತಿತು. ಅರ್ಜುನನ ಮೈಯೆಲ್ಲ ದಾರಿಯ ಧೂಳು.

“ಯಾರು ಕಳಿಸಿದ್ರು ನಿಮ್ಮನ್ನ?”

“ಯಾರೂ ಇಲ್ರಿ. ಅವ್ವಗೂ ಹೇಳಿಲ್ಲ.” ಅರ್ಜುನ ಹೆಲ್ಮೆಟ್ಟನ್ನು ಕೈಯಿಂದ ಕೈಗೆ ಬದಲಿಸಿದ. “ನನಗ ಬರೋದಿತ್ತು.”

ಇದಕ್ಕೆ ಯಾವ ವ್ಯಾಕರಣ ಹೇಳುತ್ತೀರಿ! ಪ್ರಜ್ಞಾಗೆ ಕಣ್ಣು ತುಂಬಿ ನಗು ಬಂತು. ಒಳಗೆ ಹೋದವಳು ಚಹಾ ತಂದು ಅವನ ಕೈಗಿಟ್ಟಳು.

“ನಿಮ್ಮವ್ವಗ ಈಗ ಫೋನ್ ಮಾಡಿ ಹೇಳ್ರಿ,” ಎಂದಳು. “ನಿಮ್ಮ ಮನಿಗೆ ನನಗೂ ಬರೋದೈತಿ.”